ಕೈ ತಪ್ಪಿದಾಗ ಬಾಯಿ ಏಕೆ?

ಆಟಗಾರನ ಕೈ ತಪ್ಪಿತೆಂದರೆ ನಮ್ಮ ಬಾಯಿಗೆ ಕೆಲಸ ಸಿಕ್ಕಿತೆಂದೇ ಲೆಕ್ಕ. ನಿನ್ನೆಯವರೆಗೆ ಚೆಂಡನ್ನು ಹೇಳಿದ ಜಾಗಕ್ಕೆ ಕಳಿಸುತ್ತಿದ್ದವನು ಇಂದು ತಡವರಿಸಿದನೋ, ಹತ್ತು ಮಂದಿ ಹತ್ತು ಕಡೆಯಿಂದ ಎದ್ದು ನಿಂತು, "ಅವನ ಆತ್ಮವಿಶ್ವಾಸ ಹೋಗಿದೆ" ಎಂದು ರೋಗದ ಹೆಸರು ಹೇಳುತ್ತಾರೆ. ಹೆಸರು ಹೇಳಿದ ಮೇಲೆ ಮದ್ದು ಹೇಳದೆ ಇರಲಾದೀತೆ? ತಲೆ ಅಲುಗಿಸಬೇಡ, ಮೊಣಕೈ ಎತ್ತು, ಹೆಜ್ಜೆ ಮುಂದಿಡು, ಉಸಿರು ಬಿಗಿಹಿಡಿ, ಮನಸ್ಸು ಗಟ್ಟಿ ಮಾಡು - ಒಂದೇ ಎರಡೇ! ಈ ಲೇಖನ ಆ ವೈದ್ಯರ ವಿರುದ್ಧ ಬರೆದದ್ದು. ನನ್ನ ವಾದ ಇಷ್ಟು: ಕೈ ತಪ್ಪುವುದು ಆಟದ ಸಹಜ ಧರ್ಮ. ತಪ್ಪಿದ ಕೈ ಬಹುಪಾಲು ಕಾಲಕ್ರಮದಲ್ಲಿ ತಾನೇ ಕುದುರುತ್ತದೆ. ಅದನ್ನು ಕುದುರದಂತೆ ಮಾಡುವುದು ಸುತ್ತ ನಿಂತವರ ಬಾಯಿ.

ಗಾಲ್ಫ್ ಆಟದಿಂದ ಆರಂಭಿಸುತ್ತೇನೆ. "ಅದು ದೊಡ್ಡ ಸಾಹೇಬರ ಆಟ, ಗುಮಾಸ್ತರಿಗೆ ಅದರ ಗೊಡವೆ ಏಕೆ?" ಎಂದು ಯಾರಾದರೂ ಕೇಳಬಹುದು. ಗೊಡವೆ ಇದೆ. ಬೆಂಗಳೂರು ಗಾಲ್ಫ್ ಕ್ಲಬ್ಬು ಸ್ಥಾಪನೆಯಾದದ್ದು 1876ರಲ್ಲಿ. ಅಂದರೆ ಈ ಆಟ ನಮ್ಮ ನಾಡಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಬಿಡದಿಯ ಸಮೀಪದ ಹಳ್ಳಿಯಿಂದ ಬಂದ ಎಸ್. ಚಿಕ್ಕರಂಗಪ್ಪ ಊರ ಪಕ್ಕದ ಗಾಲ್ಫ್ ಮೈದಾನದಲ್ಲಿ ಆಟ ಕಲಿತು, ಏಷ್ಯದ ವೃತ್ತಿಪರ ಪಂದ್ಯಗಳವರೆಗೆ ಹೋದವರು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಅದಿತಿ ಅಶೋಕ್ ಮೂರು ಒಲಿಂಪಿಕ್ಸ್‌ಗಳಲ್ಲಿ ಆಡಿದವರು. ಸಾಹೇಬರ ಆಟ ಎಂಬ ಮಾತಿಗೆ ಇಷ್ಟು ಉತ್ತರ ಸಾಕು.

ಆದರೆ ಗಾಲ್ಫನ್ನು ಎತ್ತಿಕೊಳ್ಳಲು ಇದಕ್ಕಿಂತ ದೊಡ್ಡ ಕಾರಣವಿದೆ. ಕ್ರಿಕೆಟಿನಲ್ಲಿ ಬ್ಯಾಟು ತಪ್ಪಿದರೆ ಬೌಲರನ ಮೇಲೆ ಹಾಕಬಹುದು, ಪಿಚ್ಚಿನ ಮೇಲೆ ಹಾಕಬಹುದು, ಯಾರೂ ಸಿಗದಿದ್ದರೆ ಅಂಪೈರ್ ಇದ್ದೇ ಇದ್ದಾನೆ. ಗಾಲ್ಫಿನಲ್ಲಿ ಚೆಂಡು ಹುಲ್ಲಿನ ಮೇಲೆ ಸುಮ್ಮನೆ ಕೂತಿರುತ್ತದೆ. ಎದುರಾಳಿ ಅದನ್ನು ಮುಟ್ಟುವಂತಿಲ್ಲ. ಹೊಡೆಯುವವನು ತನಗೆ ಬೇಕಾದಾಗ ಹೊಡೆಯಬಹುದು. ಇಷ್ಟಿದ್ದೂ ನಿನ್ನೆ ನೇರ ಹೋದ ಚೆಂಡು ಇಂದು ಪೊದೆಗೆ ಹೋಗುತ್ತದೆ. ಕೈ ಏಕೆ ತಪ್ಪುತ್ತದೆ ಎಂಬುದನ್ನು ತಿಳಿಯಲು ಇದಕ್ಕಿಂತ ಸ್ವಚ್ಛವಾದ ಪ್ರಯೋಗಶಾಲೆ ಬೇರೊಂದಿಲ್ಲ.

ಲೆಕ್ಕ ಹಾಕಿ ನೋಡೋಣ. ಕಾಲೇಜಿನಲ್ಲಿ ಓದಿದ ತ್ರಿಕೋನಮಿತಿ ಸಾಕು. ಗಾಲ್ಫ್ ಚೆಂಡಿನ ತೂಕ ಹೆಚ್ಚೆಂದರೆ 45.93 ಗ್ರಾಂ, ವ್ಯಾಸ ಕಡಿಮೆಯೆಂದರೆ 42.67 ಮಿಲಿಮೀಟರ್. ಕೋಲಿನ ಮುಖ ಈ ಚೆಂಡಿಗೆ ತಾಗಿರುವ ಕಾಲ ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲು ಮಾತ್ರ. ಆ ಕ್ಷಣದಲ್ಲಿ ಚೆಂಡು ಹೊರಡುವ ದಿಕ್ಕು ಒಂದೇ ಒಂದು ಡಿಗ್ರಿ ವಾರೆಯಾದರೆ, 200 ಮೀಟರ್ ದೂರದಲ್ಲಿ ಅದು ಮೂರೂವರೆ ಮೀಟರ್ ಪಕ್ಕಕ್ಕೆ ಬೀಳುತ್ತದೆ. ಮೂರು ಡಿಗ್ರಿಯಾದರೆ ಹತ್ತು ಮೀಟರಿಗೂ ಮಿಕ್ಕಿ. ಚೆಂಡು ತಿರುಗುತ್ತಾ ಹೋದರಂತೂ ಇನ್ನೂ ಆಚೆ. ಕುಳಿಯ ಬಳಿ ಬಂದ ಮೇಲಾದರೂ ಸುಖವುಂಟೆ? ಕುಳಿಯ ಅಗಲ 108 ಮಿಲಿಮೀಟರ್. ಮೂರು ಮೀಟರ್ ದೂರದಿಂದ ಉರುಳಿಸುವ ಚೆಂಡಿನ ನಡುಭಾಗ ಕುಳಿಯ ಬಾಯೊಳಗೆ ಬರಬೇಕಾದರೆ ಎಡಕ್ಕೂ ಬಲಕ್ಕೂ ಸಿಗುವ ರಿಯಾಯಿತಿ ಸುಮಾರು ಒಂದೊಂದು ಡಿಗ್ರಿ. ಗಡಿಯಾರದ ನಿಮಿಷದ ಮುಳ್ಳು ಹತ್ತು ಸೆಕೆಂಡಿನಲ್ಲಿ ಚಲಿಸುವಷ್ಟು!

ಯಾವ ಮನುಷ್ಯನ ಕೈಯೂ ಪ್ರತಿದಿನ, ಪ್ರತಿಸಲ, ಒಂದು ಡಿಗ್ರಿಯ ಒಳಗೆ ನಿಲ್ಲಲಾರದು. ಹಾಗೆ ನಿಲ್ಲುವುದು ಲೇತ್ ಯಂತ್ರಕ್ಕೆ ಸಾಧ್ಯ. ಅದಕ್ಕೂ ಆಗಾಗ ಸರಿಮಾಡುವವನು ಬೇಕು. ಅಂದ ಮೇಲೆ ಕೈ ಒಂದು ದಿನ ತಪ್ಪಿದರೆ ಅದರಲ್ಲಿ ಆಶ್ಚರ್ಯವೇನಿದೆ? ಅಷ್ಟು ಸಲ ತಪ್ಪದೆ ಹೋಗುವುದೇ ಆಶ್ಚರ್ಯ. ಆದರೆ ನಮ್ಮವರಿಗೆ ಸರಿಹೋದದ್ದು ಕಾಣುವುದಿಲ್ಲ. ತಪ್ಪಿದ್ದು ಮಾತ್ರ ಕಾಣುತ್ತದೆ, ಕಂಡದ್ದಕ್ಕೆಲ್ಲ ಕಾರಣವೂ ಬೇಕಾಗುತ್ತದೆ.

ಇನ್ನೊಂದು ಲೆಕ್ಕ. ಮೇಲೆತ್ತಿದ ಕೋಲು ಇಳಿದು ಚೆಂಡಿಗೆ ತಾಗಲು ಹಿಡಿಯುವ ಹೊತ್ತು ಸುಮಾರು ಕಾಲು ಸೆಕೆಂಡು. ಕಣ್ಣು ಕಂಡದ್ದಕ್ಕೆ ಕೈ ಪ್ರತಿಕ್ರಿಯೆ ತೋರಲು ಬೇಕಾದ ಹೊತ್ತು ಸುಮಾರು ಐದನೆಯ ಒಂದು ಸೆಕೆಂಡು. ಇಳಿಯುತ್ತಿರುವಾಗ "ಅಯ್ಯೋ, ಮೊಣಕೈ ವಾರೆಯಾಯಿತು" ಎಂದು ಹೊಳೆಯುವಷ್ಟರಲ್ಲಿ ಕೋಲು ತನ್ನ ಕೆಲಸ ಮುಗಿಸಿರುತ್ತದೆ. ಇಳಿಯುವ ಕೋಲಿಗೆ ಉಪದೇಶ ಕೇಳುವ ಪುರಸೊತ್ತಿಲ್ಲ. ಕೆಲಸವನ್ನೆಲ್ಲ ನಡೆಸುವುದು ಪಳಗಿದ ಕೈ, ಯೋಚಿಸುವ ತಲೆಯಲ್ಲ.

ಇದು ಗಾಲ್ಫಿಗೆ ಮಾತ್ರ ಸೇರಿದ ಮಾತಲ್ಲ. ನಿಮ್ಮ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುವ ತಾಯಿಯನ್ನೋ ಅಜ್ಜಿಯನ್ನೋ ಕೇಳಿ ನೋಡಿ: "ಬಡಿಯುವಾಗ ಹೆಬ್ಬೆರಳು ಎಲ್ಲಿರುತ್ತದೆ? ರೊಟ್ಟಿ ಎಷ್ಟು ಪೆಟ್ಟಿಗೆ ಒಂದು ಸುತ್ತು ತಿರುಗುತ್ತದೆ?" ಆಕೆ ನಗುತ್ತಾಳೆ. ಬಲವಂತ ಮಾಡಿ, ಬೆರಳನ್ನೇ ನೋಡಿಕೊಂಡು ಬಡಿಯಲು ಹೇಳಿ. ನಲವತ್ತು ವರ್ಷ ದುಂಡಗೆ ಬಂದ ರೊಟ್ಟಿ ಅಂದು ಅಂಚು ಒಡೆಯುತ್ತದೆ. ಕಚೇರಿಯ ಬೆರಳಚ್ಚುಗಾರರದೂ ಇದೇ ಕಥೆ. ಅಕ್ಷರದ ಕೀಲಿ ಎಲ್ಲಿದೆಯೆಂದು ಬೆರಳಿಗೆ ಗೊತ್ತು, ತಲೆಗೆ ಗೊತ್ತಿಲ್ಲ. ಬೆರಳನ್ನು ನಿಲ್ಲಿಸಿ ತಲೆಯನ್ನು ಕೇಳಿದರೆ ಇಬ್ಬರೂ ದಾರಿ ತಪ್ಪುತ್ತಾರೆ.

ನಾನು ಹೇಳುವುದು ಬರಿಯ ಮನೆಮಾತಾಗಬಾರದೆಂದು ಎರಡು ಪ್ರಯೋಗಗಳನ್ನು ಎತ್ತಿ ಹೇಳುತ್ತೇನೆ. 1992ರಲ್ಲಿ ಇಂಗ್ಲೆಂಡಿನಲ್ಲಿ ಮಾಸ್ಟರ್ಸ್ ಎಂಬ ಸಂಶೋಧಕರು ಹೊಸಬರಿಗೆ ಗಾಲ್ಫ್ ಚೆಂಡನ್ನು ಕುಳಿಗೆ ಉರುಳಿಸುವುದನ್ನು ಕಲಿಸಿದರು. ಒಂದು ತಂಡಕ್ಕೆ ಹೇಗೆ ನಿಲ್ಲಬೇಕು, ಹೇಗೆ ಹಿಡಿಯಬೇಕು ಎಂಬ ಸೂಚನೆಗಳನ್ನೆಲ್ಲ ಕೊಟ್ಟರು. ಇನ್ನೊಂದು ತಂಡಕ್ಕೆ ಸೂಚನೆ ಕೊಡದೆ, ಅವರ ತಲೆಗೆ ಬೇರೊಂದು ಕೆಲಸ ಹಚ್ಚಿ, ಕೈ ತಾನಾಗಿ ಕಲಿಯುವಂತೆ ಮಾಡಿದರು. ಆಮೇಲೆ ಹಣದ ಆಸೆ, ಪರೀಕ್ಷಕರ ಕಣ್ಣು ಇವುಗಳಿಂದ ಇಬ್ಬರ ಮೇಲೂ ಒತ್ತಡ ಹೇರಿದರು. ಸೂಚನೆ ಕಲಿತವರ ಆಟ ಮುಂದೆ ಹೋಗದೆ ನಿಂತಿತು. ಸೂಚನೆ ಇಲ್ಲದವರ ಆಟ ಒತ್ತಡದಲ್ಲೂ ಸುಧಾರಿಸುತ್ತಲೇ ಹೋಯಿತು. 1999ರಲ್ಲಿ ಗೇಬ್ರಿಯೆಲ್ ವುಲ್ಫ್ ಮತ್ತು ಸಂಗಡಿಗರು ನಡೆಸಿದ ಇನ್ನೊಂದು ಪ್ರಯೋಗದಲ್ಲಿ, ತೋಳಿನ ಕಡೆ ಗಮನ ಕೊಟ್ಟು ಕಲಿತವರಿಗಿಂತ, ಬೀಸುವ ಕೋಲಿನ ಕಡೆ ಗಮನ ಕೊಟ್ಟು ಕಲಿತವರು ಚೆನ್ನಾಗಿ ಕಲಿತರು. ಒತ್ತಡದ ಹೊತ್ತಿನಲ್ಲಿ ಆಟಗಾರನಿಗೆ ತನ್ನ ಮೈಯನ್ನೇ ನೆನಪಿಸುವುದು ಎಂಥ ಉಪಕಾರ ಎಂಬುದನ್ನು ನೀವೇ ಊಹಿಸಿ!

ಉಪದೇಶ ಎಲ್ಲಿಗೆ ಮುಟ್ಟಿಸಬಲ್ಲದು ಎಂಬುದಕ್ಕೆ ಆಸ್ಟ್ರೇಲಿಯದ ಇಯಾನ್ ಬೇಕರ್-ಫಿಂಚ್ ಅವರ ಕಥೆಗಿಂತ ಬೇರೆ ಸಾಕ್ಷಿ ಬೇಕಿಲ್ಲ. 1991ರಲ್ಲಿ ಅವರು ಬ್ರಿಟಿಷ್ ಓಪನ್ ಗೆದ್ದರು. ಗಾಲ್ಫ್ ಲೋಕದಲ್ಲಿ ಅದಕ್ಕಿಂತ ಹಳೆಯ ಚಾಂಪಿಯನ್‌ಷಿಪ್ ಇಲ್ಲ. ಗೆದ್ದವರು ಸುಮ್ಮನಿರಬಹುದಿತ್ತು. ಇನ್ನೂ ದೂರ ಹೊಡೆಯಬೇಕೆಂದು ತಮ್ಮ ಸ್ವಿಂಗನ್ನು ತಿದ್ದಿಸಿಕೊಳ್ಳಲು ಹೊರಟರು. ಒಬ್ಬರ ಸಲಹೆ ಆಯಿತು, ಇನ್ನೊಬ್ಬರದಾಯಿತು. ನಾಲ್ಕು ವರ್ಷಗಳ ಬಳಿಕ, 1995ರಲ್ಲಿ, ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಮೈದಾನದಲ್ಲಿ ಅದೇ ಪಂದ್ಯದ ಮೊದಲ ಹೊಡೆತಕ್ಕೆ ನಿಂತರು. ಅಲ್ಲಿ ಮೊದಲನೆಯ ಮತ್ತು ಕೊನೆಯ ಹಾದಿಗಳೆರಡೂ ಕೂಡಿ ಒಂದೇ ದೊಡ್ಡ ಬಯಲಾಗಿದೆ. ಬೇಕೆಂದು ಹೊಡೆದರೂ ಎಡಗಡೆ ಗಡಿ ದಾಟಿಸುವುದು ಕಷ್ಟ. ಅವರ ಚೆಂಡು ಆ ಬಯಲನ್ನೆಲ್ಲ ದಾಟಿ ಎಡಗಡೆಯ ಗಡಿಯಾಚೆ ಹೋಯಿತು. 1997ರಲ್ಲಿ ಟ್ರೂನ್ ಮೈದಾನದಲ್ಲಿ ಮೊದಲ ದಿನ 92 ಹೊಡೆತಗಳಾದವು. ಪಂದ್ಯ ಬಿಟ್ಟು ಹೊರನಡೆದರು. ಆಮೇಲೆ ಆಟ ಬಿಟ್ಟು ವೀಕ್ಷಕ ವಿವರಣೆಗಾರರಾದರು. ಅಭ್ಯಾಸದ ಅಂಗಳದಲ್ಲಿ ಅವರ ಕೈ ಚೆನ್ನಾಗಿಯೇ ಇತ್ತೆಂದು ಕಂಡವರು ಹೇಳುತ್ತಾರೆ. ಪಂದ್ಯಕ್ಕೆ ನಿಂತಾಗ ಮಾತ್ರ ಕೇಳಿಸಿಕೊಂಡ ಸಲಹೆಗಳೆಲ್ಲ ಒಟ್ಟಿಗೆ ಎದ್ದು ಬರುತ್ತಿದ್ದವು ಎಂದರೆ ತಪ್ಪಾಗಲಾರದು. ಕೋಲು ಒಂದು, ಹಿಡಿಯುವ ಕೈಗಳು ಹತ್ತು!

ಈಗ ನಮ್ಮ ಬೆಂಗಳೂರಿನ ಹುಡುಗಿಯ ವಿಷಯಕ್ಕೆ ಬರೋಣ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಅದಿತಿ ಅಶೋಕ್ ಅವರಿಗೆ 18 ವರ್ಷ. ಮೊದಲ ಎರಡು ದಿನ 68, 68, ದೇಶವೆಲ್ಲ ಹುಬ್ಬೇರಿಸಿತು. ಮುಂದಿನ ಎರಡು ದಿನ 79, 76. ಕೊನೆಗೆ 41ನೆಯ ಸ್ಥಾನ. "ಚಿಕ್ಕ ಹುಡುಗಿ, ಧೈರ್ಯ ಸಾಲಲಿಲ್ಲ" ಎಂದರು ಜಾಣರು. ಐದು ವರ್ಷಗಳ ಬಳಿಕ, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅದೇ ಹುಡುಗಿ 67, 66, 68, 68 ಹೊಡೆದು ನಾಲ್ಕನೆಯವರಾದರು. ಕಂಚಿನ ಪದಕ ಒಂದೇ ಒಂದು ಹೊಡೆತದಿಂದ ತಪ್ಪಿತು. ಆ ಹೊತ್ತಿಗೆ ವಿಶ್ವಶ್ರೇಯಾಂಕದಲ್ಲಿ ಅವರು ಇದ್ದದ್ದು 200ನೆಯ ಸ್ಥಾನದಲ್ಲಿ. ಅದೇ ವರ್ಷ ಕೋವಿಡ್ ತಗಲಿ ಹೊಡೆತದ ದೂರವೂ ಕಡಿಮೆಯಾಗಿತ್ತು. ಬೆಳಗಿನ ಜಾವ ಎದ್ದು ಗಾಲ್ಫ್ ನೋಡಿದ ದೇಶ ಆಗ "ಎಂಥ ಗಟ್ಟಿ ಮನಸ್ಸು!" ಎಂದಿತು.

ಮತ್ತೆ ಎರಡು ವರ್ಷ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟ. ಮೊದಲ ಮೂರು ದಿನ 67, 66, 61. ಉಳಿದವರಿಗಿಂತ ಏಳು ಹೊಡೆತ ಮುಂದೆ. ಚಿನ್ನ ಕೈಗೆ ಬಂದಂತೆಯೇ ಎಂದು ಎಲ್ಲರೂ ಬರೆದರು. ಅಕ್ಟೋಬರ್ 1ರ ಭಾನುವಾರ 77 ಹೊಡೆತಗಳಾದವು. ಥಾಯ್ಲೆಂಡಿನ ಆಟಗಾರ್ತಿಗೆ ಚಿನ್ನ, ಅದಿತಿಗೆ ಬೆಳ್ಳಿ. ಏಷ್ಯನ್ ಕ್ರೀಡಾಕೂಟದ ಗಾಲ್ಫಿನಲ್ಲಿ ಭಾರತದ ಮಹಿಳೆಗೆ ಬಂದ ಮೊದಲ ಪದಕ ಅದು. ಆದರೆ ಅಂದು ಸಂಜೆ ನಮ್ಮಲ್ಲಿ ಕೇಳಿಬಂದ ಮಾತೇನು? "ಒತ್ತಡ ತಡೆಯಲಾರಳು, ಕೊನೆಯಲ್ಲಿ ಕೈ ಬಿಡುತ್ತಾಳೆ." ಎರಡು ತಿಂಗಳೂ ಕಳೆಯಲಿಲ್ಲ. ನವೆಂಬರಿನಲ್ಲಿ ಸ್ಪೇನಿನ ಓಪನ್ ಪಂದ್ಯವನ್ನು ಅದೇ ಕೈ ಗೆದ್ದಿತು!

ಈ ಲೆಕ್ಕವನ್ನು ನೋಡಿ ನನಗೆ ಒಂದು ಪ್ರಶ್ನೆ ಕೇಳಬೇಕೆನಿಸುತ್ತದೆ. ಆತ್ಮವಿಶ್ವಾಸ ಎಂಬ ಈ ವಸ್ತು ಶನಿವಾರ ಇದ್ದು, ಭಾನುವಾರ ಇಲ್ಲವಾಗಿ, ನವೆಂಬರಿನಲ್ಲಿ ಸ್ಪೇನಿನಲ್ಲಿ ಮರಳಿ ಸಿಕ್ಕಿತೆ? ಫಲಿತಾಂಶ ಚೆನ್ನಾಗಿದ್ದಾಗ ಇತ್ತು ಎನ್ನುವುದು, ಕೆಟ್ಟಾಗ ಇರಲಿಲ್ಲ ಎನ್ನುವುದು. ಇದು ಕಾರಣ ಹೇಳುವ ರೀತಿಯಲ್ಲ, ಫಲಿತಾಂಶಕ್ಕೇ ಇನ್ನೊಂದು ಹೆಸರಿಡುವ ರೀತಿ. ಒತ್ತಡ ಎಂಬುದೇ ಇಲ್ಲವೆಂದು ನಾನು ಹೇಳುವುದಿಲ್ಲ. ಏಳು ಹೊಡೆತಗಳ ಮುನ್ನಡೆಯನ್ನು ಹೊತ್ತು ನಡೆಯುವುದು ಹಗುರವಾದ ಕೆಲಸವಲ್ಲ. ಆದರೆ ಕುರ್ಚಿಯಲ್ಲಿ ಕುಳಿತು ಅಂಕೆ ನೋಡಿ ಮನಸ್ಸಿನ ಒಳಗನ್ನು ಓದಿಬಿಟ್ಟೆವೆಂಬ ಠೀವಿ ಬೇಡ. 61 ಎಂಬುದೂ ದಿನನಿತ್ಯ ಬರುವ ಅಂಕೆಯಲ್ಲ, 77 ಎಂಬುದೂ ಅಲ್ಲ. ಎರಡರ ನಡುವೆ ಎಲ್ಲೋ ಆಕೆಯ ನಿಜವಾದ ಆಟವಿದೆ.

ಅತಿ ಚೆನ್ನಾಗಿ ಆಡಿದ ದಿನದ ಮರುದಿನ ಆಟ ಇಳಿಯುವುದೂ, ಅತಿ ಕೆಟ್ಟ ದಿನದ ಮರುದಿನ ಏರುವುದೂ ಸಂಖ್ಯಾಶಾಸ್ತ್ರದಲ್ಲಿ ಹಳೆಯ ಸಂಗತಿ. ಸರಾಸರಿಗೆ ಮರಳುವುದು ಎನ್ನುತ್ತಾರೆ. ಇದನ್ನು ಅರಿಯದವರು ಎಂಥ ಮೋಸ ಹೋಗುತ್ತಾರೆಂಬುದನ್ನು, 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಡೇನಿಯಲ್ ಕಾನೆಮನ್ ವಿವರಿಸಿದ್ದಾರೆ. ಇಸ್ರೇಲಿನ ವಿಮಾನದಳದ ಶಿಕ್ಷಕರಿಗೆ ಅವರು, ಬೈಗುಳಕ್ಕಿಂತ ಮೆಚ್ಚುಗೆಯಿಂದ ಕಲಿಕೆ ಚೆನ್ನಾಗುತ್ತದೆ ಎಂದು ಪಾಠ ಹೇಳುತ್ತಿದ್ದರಂತೆ. ಒಬ್ಬ ಹಿರಿಯ ಶಿಕ್ಷಕರು ಎದ್ದು ನಿಂತು, "ನಮ್ಮ ಅನುಭವ ತದ್ವಿರುದ್ಧ. ಚೆನ್ನಾಗಿ ಹಾರಿಸಿದವನನ್ನು ಹೊಗಳಿದರೆ ಮರುಸಲ ಕೆಡಿಸುತ್ತಾನೆ, ಕೆಟ್ಟದಾಗಿ ಹಾರಿಸಿದವನನ್ನು ಬೈದರೆ ಮರುಸಲ ಸುಧಾರಿಸುತ್ತಾನೆ" ಎಂದರು. ಅನುಭವ ನಿಜ, ಅರ್ಥ ತಪ್ಪು. ಹೊಗಳಿದರೂ ಬೈದರೂ ಸುಮ್ಮನಿದ್ದರೂ ಮರುಸಲ ಸರಾಸರಿಯತ್ತ ಬರುವುದೇ ಇತ್ತು. ವಾಯುಸೇನಾ ನಗರದ ಮಗ್ಗುಲಲ್ಲಿರುವ ನಮ್ಮ ವಾಡಿಯ ಜನಕ್ಕೆ ವಿಮಾನದ ಉದಾಹರಣೆ ಬೇಗ ಹಿಡಿಸೀತೆಂದು ನನ್ನ ಆಸೆ. ಮಗ ಸೊನ್ನೆಗೆ ಔಟಾದ ದಿನ ಗದರುತ್ತೀರಿ. ಮರುದಿನ ಅವನು ಇಪ್ಪತ್ತು ಹೊಡೆಯುತ್ತಾನೆ. "ನೋಡಿದಿರಾ, ಗದರಿದ್ದಕ್ಕೆ ದಾರಿಗೆ ಬಂದ!" ಎಂದು ಹೆಮ್ಮೆಪಡುತ್ತೀರಿ. ಕೋಳಿ ಕೂಗಿದ್ದರಿಂದಲೇ ಬೆಳಗಾಯಿತೆಂದು ನಂಬಿದಂತಾಯಿತು.

ನಮ್ಮ ಊರಿನಲ್ಲೇ ನಡೆದ ಇನ್ನೊಂದು ಉದಾಹರಣೆ ನೋಡೋಣ. 2023ರ ಫೆಬ್ರವರಿ 9ರಂದು ಜಾಮ್ಠಾ ಮೈದಾನದಲ್ಲಿ ಆಸ್ಟ್ರೇಲಿಯದ ಎದುರು ಟೆಸ್ಟ್ ಆರಂಭವಾಯಿತು. ಭಾರತ ಮೂರೇ ದಿನದಲ್ಲಿ ಇನಿಂಗ್ಸ್ ಮತ್ತು 132 ರನ್ನುಗಳಿಂದ ಗೆದ್ದಿತು. ಉಪನಾಯಕರಾಗಿದ್ದ ನಮ್ಮ ಕೆ.ಎಲ್. ರಾಹುಲ್ ಗಳಿಸಿದ್ದು 71 ಎಸೆತಗಳಲ್ಲಿ 20. ಆ ದಿನಗಳಲ್ಲಿ ಅವರ ಬ್ಯಾಟು ತಪ್ಪಿತ್ತು, ಅದನ್ನು ಅಲ್ಲಗಳೆಯಲಾಗದು. ಗೆಲುವಿನ ದಿನವೇ, ನಮ್ಮವರೇ ಆದ ಮಾಜಿ ವೇಗದ ಬೌಲರ್ ವೆಂಕಟೇಶ್ ಪ್ರಸಾದ್, ರಾಹುಲ್ ಆಯ್ಕೆ ಸಾಧನೆಯಿಂದಲ್ಲ, ಪಕ್ಷಪಾತದಿಂದ ಎಂದು ಬಹಿರಂಗವಾಗಿ ಬರೆದರು. ದೆಹಲಿಯ ಮುಂದಿನ ಟೆಸ್ಟಿನಲ್ಲಿ 17 ಮತ್ತು 1. ಉಪನಾಯಕತ್ವ ಹೋಯಿತು, ಇಂದೋರಿನಲ್ಲಿ ತಂಡದ ಸ್ಥಾನವೂ ಹೋಯಿತು. ಮೇ ತಿಂಗಳಲ್ಲಿ ತೊಡೆಗೆ ಪೆಟ್ಟು ಬಿದ್ದು ಆಟವೇ ನಿಂತಿತು.

ಆಯ್ಕೆಯನ್ನು ಪ್ರಶ್ನಿಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಹನ್ನೊಂದು ಜಾಗಗಳಿಗೆ ನೂರು ಜನ ಕಾದಿರುವಾಗ ಪ್ರಶ್ನೆ ಏಳಲೇಬೇಕು. ಪ್ರಸಾದ್ ಅದನ್ನು ಕೇಳಿದ್ದು ಅವರ ಹಕ್ಕು. ಆದರೆ ಆ ಪ್ರಶ್ನೆ ಆಯ್ಕೆಗಾರರಿಗೆ ಸಲ್ಲಬೇಕಾದದ್ದು. ನಮ್ಮ ಜನ ಮಾಡಿದ್ದೇನು? ಅದನ್ನು ಎತ್ತಿಕೊಂಡು, "ಮುಗಿದ ಆಟಗಾರ" ಎಂದು ತೀರ್ಪಿತ್ತರು. ಅದೇ ಸೆಪ್ಟೆಂಬರಿನಲ್ಲಿ ಕೊಲಂಬೋದಲ್ಲಿ ಪಾಕಿಸ್ತಾನದ ಎದುರು ಮುಗಿದ ಆಟಗಾರ ಔಟಾಗದೆ 111 ಹೊಡೆದರು. ಅಕ್ಟೋಬರಿನಲ್ಲಿ ಚೆನ್ನೈಯಲ್ಲಿ ವಿಶ್ವಕಪ್ಪಿನ ಮೊದಲ ಪಂದ್ಯದಲ್ಲಿ ಆಸ್ಟ್ರೇಲಿಯದ ಎದುರು ಔಟಾಗದೆ 97. ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕದ ಸೆಂಚೂರಿಯನ್‌ನಲ್ಲಿ ಉಳಿದವರು ಕುಸಿಯುತ್ತಿರುವಾಗ 101. ನಡುವೆ ಆದದ್ದೇನು? ಗಾಯದ ದೆಸೆಯಿಂದ ನಾಲ್ಕು ತಿಂಗಳು ಮೈದಾನದಿಂದ ದೂರ. ಗಾಯವೇ ಒಳ್ಳೆಯದಾಯಿತು ಎಂದು ಹೇಳಲಾರೆ. ಆದರೆ ಫೆಬ್ರವರಿಯ ತೀರ್ಪು ಡಿಸೆಂಬರಿಗೆ ಬಾಳಲಿಲ್ಲ ಎಂಬುದು ದಾಖಲೆಯಲ್ಲಿದೆ. ತೀರ್ಪಿತ್ತವರು ಅದನ್ನು ಹಿಂತೆಗೆದುಕೊಂಡದ್ದು ಮಾತ್ರ ಎಲ್ಲೂ ಕಾಣಲಿಲ್ಲ.

"ಹಾಗಾದರೆ ಮಕ್ಕಳಿಗೆ ಏನೂ ಹೇಳಬಾರದೆ? ತರಬೇತಿಯೇ ಬೇಡವೆ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ನ್ಯಾಯವಾದ ಪ್ರಶ್ನೆ. ತರಬೇತಿ ಬೇಕು. ಆದರೆ ತರಬೇತಿ ಬೇರೆ, ತಗಾದೆ ಬೇರೆ. ಒಳ್ಳೆಯ ಗುರು ಏನನ್ನು ಹೇಳಬೇಕೆಂಬುದಕ್ಕಿಂತ ಏನನ್ನು ಮುಟ್ಟಬಾರದೆಂಬುದನ್ನು ಹೆಚ್ಚು ಬಲ್ಲವನು. ಮೈಸೂರಿನಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ ಅವರ ಬಲಗೈಗೆ ಬಾಲ್ಯದಲ್ಲಿ ಪೋಲಿಯೊ ತಗಲಿತ್ತು. ಆ ಕೈಯಿಂದಲೇ ಅವರು ಮಧ್ಯಮ ವೇಗಿಯಷ್ಟು ರಭಸದಲ್ಲಿ ಲೆಗ್‌ಸ್ಪಿನ್ ಎಸೆದರು. ಯಾವ ಪುಸ್ತಕದಲ್ಲೂ ಇಲ್ಲದ ರೀತಿ. ಎಸೆತ ದಿಕ್ಕು ತಪ್ಪುವ ದಿನಗಳೂ ಅವರಿಗೆ ಬೇಕಾದಷ್ಟಿದ್ದವು. ಅಂಥ ಒಂದು ದಿನ ಯಾರಾದರೂ ಪುಸ್ತಕ ಹಿಡಿದು ಆ ಕೈಯನ್ನು ಪೂರಾ ತಿದ್ದಿದ್ದರೆ, 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಬರುತ್ತಿತ್ತೆ? 58 ಟೆಸ್ಟುಗಳಲ್ಲಿ 242 ವಿಕೆಟ್ ಆಗುತ್ತಿತ್ತೆ?

ಜಿ.ಆರ್. ವಿಶ್ವನಾಥ್ ಅವರದು ಇನ್ನೂ ನೇರವಾದ ಪಾಠ. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ಎದುರು ಅವರ ಮೊದಲ ಟೆಸ್ಟ್. ಮೊದಲ ಇನಿಂಗ್ಸಿನಲ್ಲಿ ಸೊನ್ನೆ. ಇಪ್ಪತ್ತರ ಹುಡುಗ. ನಾಯಕ ಪಟೌಡಿ ಅವರು ಚಿಂತಿಸಬೇಡವೆಂದು ಸಮಾಧಾನ ಹೇಳಿದರೆಂದು ವಿಶ್ವನಾಥರೇ ಹೇಳಿಕೊಂಡಿದ್ದಾರೆ. ಎರಡನೆಯ ಇನಿಂಗ್ಸಿನಲ್ಲಿ 137! ಮೊಣಕೈಯ ಮಾತಿಲ್ಲ, ಕಾಲಿನ ಮಾತಿಲ್ಲ. ನಾಯಕನಾದವನು ಆಡಬೇಕಾದ ಮಾತಿನ ಅಳತೆ ಅದು.

"ಆತ್ಮವಿಶ್ವಾಸವಿದ್ದರೆ ಎಲ್ಲವೂ ಸಾಧ್ಯ" ಎಂದು ಭಾಷಣ ಮಾಡುವವರ ಬಗೆಗೂ ಒಂದು ಮಾತು. ಈಗ ಶಾಲೆಗಳಲ್ಲಿ, ಕಚೇರಿಗಳಲ್ಲಿ, ಸಂಘಗಳ ವಾರ್ಷಿಕೋತ್ಸವಗಳಲ್ಲಿ ಇಂಥವರಿಗೆ ಹಾರ ಹಾಕುವ ರೂಢಿ ಬೆಳೆದಿದೆ. ಇವರು ಬಂಡಿಯನ್ನು ಎತ್ತಿನ ಮುಂದೆ ಕಟ್ಟುತ್ತಾರೆ. ಕೈ ಸ್ಥಿರವಾದರೆ ವಿಶ್ವಾಸ ಬರುತ್ತದೆ. ವಿಶ್ವಾಸವನ್ನು ಮೊದಲು ತಂದು ಕೈಯನ್ನು ಸ್ಥಿರಗೊಳಿಸುವ ಮಂತ್ರ ಯಾರ ಬಳಿಯೂ ಇಲ್ಲ. ಕೈ ಸ್ಥಿರವಾಗುವುದು ಹೇಗೆ? ಹೊತ್ತಿಗೆ ಸರಿಯಾದ ಅಭ್ಯಾಸದಿಂದ, ಸಾಕಷ್ಟು ನಿದ್ದೆಯಿಂದ, ಮೈ ಬೆಳೆಯುತ್ತಿರುವ ಹುಡುಗನ ಅಳತೆಗೆ ತಕ್ಕ ಬ್ಯಾಟಿನಿಂದ. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಒಂದೇ ವರ್ಷಕ್ಕೆ ಕೈಕಾಲು ಉದ್ದವಾಗುತ್ತವೆ; ನಿನ್ನೆಯ ಕೈಗೆ ಪಳಗಿದ ಹೊಡೆತ ಇಂದಿನ ಕೈಗೆ ಹೊಂದುವುದಿಲ್ಲ. ಅದಕ್ಕೆ ಬೇಕಾದದ್ದು ಆರು ತಿಂಗಳ ತಾಳ್ಮೆ. ನಾವು ಕೊಡುವುದು ಒಂದು ಗಂಟೆಯ ಪ್ರವಚನ. ಪ್ರವಚನ ಕೇಳಿದ ಹುಡುಗನಿಗೆ ಮರುದಿನವೂ ಕೈ ತಪ್ಪಿದರೆ, ಆಟ ಕೆಟ್ಟಿದ್ದರ ಜೊತೆಗೆ "ನನ್ನ ಮನಸ್ಸೇ ದುರ್ಬಲ" ಎಂಬ ಇನ್ನೊಂದು ಹೊರೆ. ಇದು ಔಷಧವೋ ವಿಷವೋ?

ಅಮರಾವತಿ ರಸ್ತೆಯ ಆಚೀಚೆ, ಲಾರಿ ಗೋದಾಮುಗಳ ನಡುವೆ ಉಳಿದಿರುವ ಬಯಲುಗಳಲ್ಲಿ ಭಾನುವಾರ ಬೆಳಿಗ್ಗೆ ಒಂದು ಸುತ್ತು ಹಾಕಿ ಬನ್ನಿ. ನೆಟ್ಟಿನೊಳಗೆ ಒಬ್ಬ ಹುಡುಗ, ಹೊರಗೆ ನಾಲ್ವರು ಗುರುಗಳು. ತರಬೇತುದಾರ ಮರಾಠಿಯಲ್ಲಿ ಒಂದು ಹೇಳುತ್ತಾನೆ, ತಂದೆ ಕನ್ನಡದಲ್ಲಿ ಇನ್ನೊಂದು ಹೇಳುತ್ತಾನೆ, ಸ್ಕೂಟರಿನ ಮೇಲೆ ಕುಳಿತ ಪಕ್ಕದ ಮನೆಯವರು ಹಿಂದಿಯಲ್ಲಿ ಮತ್ತೊಂದು. ಈಗೀಗ ಮೊಬೈಲಿನಲ್ಲಿ ಹೊಡೆತದ ಚಿತ್ರ ತೆಗೆದು ಅಲ್ಲಿಯೇ ನಿಲ್ಲಿಸಿ ನಿಲ್ಲಿಸಿ ತೋರಿಸುವ ಹೊಸ ಹಿಂಸೆ ಬೇರೆ. ಹುಡುಗ ಪ್ರತಿ ಹೊಡೆತಕ್ಕೂ ಮುನ್ನ ತಂದೆಯ ಮುಖ ನೋಡುತ್ತಾನೆ. ಚೆಂಡನ್ನು ನೋಡಬೇಕಾದ ಕಣ್ಣು!

ತಂದೆಯರ ಕಳವಳ ನನಗೆ ಅರ್ಥವಾಗುತ್ತದೆ. ಊರು ಬಿಟ್ಟು ಬಂದವರು ನಾವು. ಇಲ್ಲಿ ನಮಗೆ ಹೊಲವಿಲ್ಲ, ಅಣ್ಣತಮ್ಮಂದಿರ ಬಲವಿಲ್ಲ. ಸಂಬಳ, ಪ್ರಾವಿಡೆಂಟ್ ಫಂಡು, ಮಕ್ಕಳು - ಇಷ್ಟೇ ಆಸ್ತಿ. ಮಗನ ಆಟಕ್ಕೆ ಕಿಟ್ಟು, ಶುಲ್ಕ, ಪ್ರಯಾಣ ಎಂದು ಖರ್ಚು ಮಾಡಿದ ಮೇಲೆ ಪ್ರತಿ ಹೊಡೆತವೂ ಬಡ್ಡಿ ಕೊಡಬೇಕೆನಿಸುವುದು ಸಹಜ. ಆದರೆ ಈ ಆತುರದ ಬೆಲೆಯನ್ನು ತೆರುವವನು ಹುಡುಗ. ಮೊದಲು ಹೊಡೆತ ಹೋಗುತ್ತದೆ, ಆಮೇಲೆ ಸಂತೋಷ ಹೋಗುತ್ತದೆ, ಕೊನೆಗೆ ಒಂದು ದಿನ ಬ್ಯಾಟು ಅಟ್ಟ ಸೇರುತ್ತದೆ. ಸೋತದ್ದಕ್ಕಾಗಿ ಆಟ ಬಿಟ್ಟ ಮಕ್ಕಳು ಕಡಿಮೆ. ಸೋತ ಸಂಜೆ ಮನೆಯಲ್ಲಿ ಕೇಳಬೇಕಾದ ಮಾತಿಗಾಗಿ ಬಿಟ್ಟವರು ಹೆಚ್ಚು.

ಇದನ್ನೆಲ್ಲ ಕನ್ನಡ ಸಂಘದ ಪತ್ರಿಕೆಯಲ್ಲಿ ಬರೆಯುವುದಕ್ಕೆ ಮತ್ತೊಂದು ಕಾರಣವಿದೆ. ಆಡುವ ಕೈಗೆ ಆಗುವುದೇ ಆಡುವ ನಾಲಿಗೆಗೂ ಆಗುತ್ತದೆ. ಇಲ್ಲಿ ಹುಟ್ಟಿದ ಮಗು, ಹಿಂದಿ ಮರಾಠಿಗಳ ಅಭ್ಯಾಸದಿಂದ, "ಬಸ್ಸು ಬಂದಳು" ಎನ್ನುತ್ತದೆ. ಮನೆಗೆ ಬಂದ ಅತಿಥಿಗಳೆಲ್ಲ ನಗುತ್ತಾರೆ. ಮಾವ ತಿದ್ದುತ್ತಾನೆ, ಅತ್ತೆ ತಿದ್ದುತ್ತಾಳೆ, ರಾಜ್ಯೋತ್ಸವದ ಭಾಷಣ ಸ್ಪರ್ಧೆಯಲ್ಲಿ ತೀರ್ಪುಗಾರರು ಎಲ್ಲರೆದುರಿಗೆ ತಿದ್ದುತ್ತಾರೆ. ಮಗುವಿನ ತಲೆಯಲ್ಲಿ ಪ್ರತಿ ಮಾತಿಗೂ ಮುನ್ನ ಒಂದು ಪರೀಕ್ಷೆ ಆರಂಭವಾಗುತ್ತದೆ: ಬಂದನೋ, ಬಂದಳೋ, ಬಂತೋ? ಆ ಪರೀಕ್ಷೆಗಿಂತ ಹಿಂದಿಯಲ್ಲಿ ಉತ್ತರ ಕೊಡುವುದು ಸುಲಭ. ಅಂದಿನಿಂದ ಆ ಮನೆಯಲ್ಲಿ ಕೇಳುವುದು ಕನ್ನಡದ ಪ್ರಶ್ನೆ, ಹಿಂದಿಯ ಉತ್ತರ. "ಈಗಿನ ಮಕ್ಕಳಿಗೆ ಭಾಷಾಭಿಮಾನವಿಲ್ಲ" ಎಂದು ನಾವು ಸಭೆಯಲ್ಲಿ ಕಣ್ಣೀರಿಡುತ್ತೇವೆ. ಅಭಿಮಾನ ಇತ್ತು ಸ್ವಾಮಿ. ನಾವು ನಕ್ಕದ್ದರಿಂದ ನಾಲಿಗೆ ಕಟ್ಟಿತು. ತಪ್ಪಾಗಿಯಾದರೂ ನೂರು ಸಲ ಆಡಿದ ಮಗು ನೂರೊಂದನೆಯ ಸಲ "ಬಂತು" ಎಂದೇ ಅನ್ನುತ್ತದೆ, ಸುತ್ತಲಿನವರು ಸರಿಯಾಗಿ ಆಡುತ್ತಿದ್ದರೆ ಸಾಕು.

ಬರಿಯ ದೂರು ಹೇಳಿ ಮುಗಿಸುವುದು ಸರಿಯಲ್ಲ. ಆದ್ದರಿಂದ ಕೆಲವು ಸೂಚನೆಗಳನ್ನು ಸದಸ್ಯರ ಮುಂದಿಡುತ್ತೇನೆ. ಒಂದು: ಮಗುವಿನ ಆಟಕ್ಕೆ ಒಬ್ಬನೇ ಗುರು ಇರಲಿ, ತಂದೆ ಆ ಗುರುವಲ್ಲದಿದ್ದರೆ ನೆಟ್ಟಿನಿಂದ ಐವತ್ತು ಹೆಜ್ಜೆ ದೂರದಲ್ಲಿ ಚಹಾ ಕುಡಿಯುತ್ತಿರಲಿ. ಎರಡು: ಗುರುವೂ ಒಂದು ಸಲಕ್ಕೆ ಒಂದೇ ಮಾತು ಹೇಳಲಿ, ಅದು ಕೈಗೆ ಇಳಿದ ಮೇಲೆ ಇನ್ನೊಂದು. ಪಂದ್ಯದ ದಿನ ಒಂದೂ ಬೇಡ. ಮೂರು: ಲೆಕ್ಕ ಇಡುವವರು ದಿನದ ಲೆಕ್ಕ ಇಡಬೇಡಿ, ಇಪ್ಪತ್ತು ಆಟಗಳದು ಇಡಿ. ಒಂದು ದಿನದ ಸೊನ್ನೆಗೂ ಒಂದು ದಿನದ ನೂರಕ್ಕೂ ಹೆಚ್ಚಿನ ಅರ್ಥವಿಲ್ಲ. ನಾಲ್ಕು: ಆಟದಿಂದ ಮರಳಿದ ಮಗುವಿಗೆ "ಎಷ್ಟು ಹೊಡೆದೆ?" ಎಂಬುದು ಮೊದಲ ಪ್ರಶ್ನೆಯಾಗದಿರಲಿ. "ಹಸಿವಾಗಿದೆಯೇನೋ?" ಎಂದು ಕೇಳಿ. ಐದು: ರಾಜ್ಯೋತ್ಸವದ ವೇದಿಕೆಯಲ್ಲಿ ಮಗು ತಪ್ಪು ಕನ್ನಡ ಆಡಿದರೆ ಚಪ್ಪಾಳೆ ತಟ್ಟಿ, ತಿದ್ದುಪಡಿಯನ್ನು ಮನೆಯ ಮಾತಿಗೆ ಬಿಡಿ.

ಇವುಗಳಲ್ಲಿ ಒಂದಕ್ಕೂ ಕಾಸು ಖರ್ಚಿಲ್ಲ. ಖರ್ಚಾಗುವುದು ನಮ್ಮ ಮಾತಿನ ಚಪಲ ಮಾತ್ರ. ಮುಂದಿನ ಕ್ರೀಡಾದಿನದಂದು ನಮ್ಮ ಸಂಘ ಮಕ್ಕಳಿಗೆ ಬಹುಮಾನ ಕೊಡುವಾಗ, ಮೈದಾನದ ಅಂಚಿನಲ್ಲಿ ಇಡೀ ದಿನ ಬಾಯಿ ಮುಚ್ಚಿಕೊಂಡು ಕುಳಿತ ಒಬ್ಬ ತಂದೆಗೂ ಒಂದು ತೆಂಗಿನಕಾಯಿ, ಒಂದು ಶಾಲು ಕೊಡುವುದೊಳ್ಳೆಯದು. ಸ್ಪರ್ಧೆಗೆ ಎಷ್ಟು ಜನ ಹೆಸರು ಕೊಡುತ್ತಾರೋ ನೋಡೋಣ.